ಕ್ಯೂರಿಂಗ್: ಉಪ್ಪುನೀರಿನ ತೊಟ್ಟಿಗೆ ಹಳೇ ಕಲ್ಲನ್ನು ಹದಗೊಳಿಸುವುದು

ಮನೆ ಕಟ್ಟಿಸಿದವರಿಗೆಲ್ಲ ಕ್ಯೂರಿಂಗ್ ಪದ ಗೊತ್ತು. ಆರ್‌ಸಿಸಿ ಹಾಕಿದ ಮೇಲೆ ನೀರು ಕಟ್ಟುವುದು, ಗಿಲಾವಿಗೆ ದಿನಾ ನೀರು ಹೊಡೆಯುವುದು. ಸಮುದ್ರದ ಮೀನು ಸಾಕುವವರ ಬಾಯಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಹಳೇ ತೊಟ್ಟಿಯಿಂದ ತೆಗೆದು ವರ್ಷಗಟ್ಟಲೆ ಅಟ್ಟದ ಮೇಲಿಟ್ಟ ಕಲ್ಲನ್ನು ಹೊಸ ತೊಟ್ಟಿಗೆ ಇಳಿಸುವ ಮುಂಚೆ, ಬೇರೊಂದು ಡ್ರಮ್ಮಿನ ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಒಳಗಿರುವುದನ್ನೆಲ್ಲ ಹೊರಗೆ ಬಿಡಿಸುವುದು ಇಲ್ಲಿನ ಕ್ಯೂರಿಂಗ್. ‘ಒಣಗಿದೆಯಲ್ಲ, ತೊಳೆದರೆ ಸಾಕು’ ಅನ್ನುವವರೇ ಹೆಚ್ಚು. ಹೊಸ ತೊಟ್ಟಿ ಎರಡು ತಿಂಗಳಿಗೇ ಹಸಿರು ಪಾಚಿಯಿಂದ ಮುಚ್ಚಿಹೋಗುವುದಕ್ಕೆ ಬಹಳ ಸಲ ಕಾರಣ ಈ ನಂಬಿಕೆಯೇ.

ಈ ಕಲ್ಲು ಗ್ರಾನೈಟಿನಂತೆ ಗಟ್ಟಿಯಲ್ಲ. ಹವಳದ ಅಸ್ಥಿಯಿಂದಾದ ಕ್ಯಾಲ್ಸಿಯಂ ಕಾರ್ಬೊನೇಟ್ ಇದು, ಒಳಗೆಲ್ಲ ಬ್ರೆಡ್ಡಿನ ಹಾಗೆ ತೂತು. ಒಣಗಿದ ತುಂಡೊಂದನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ: ಸೂಜಿಮೊನೆಯಷ್ಟು ತೂತುಗಳಿಂದ ಗುಳ್ಳೆಗಳು ದಾರದಂತೆ ಸಾಲುಗಟ್ಟಿ ಏಳುತ್ತವೆ. ಗಾಳಿ ಕೂತಿದ್ದ ಆ ಸಂದುಗಳಲ್ಲೇ ಸತ್ತ ಸ್ಪಂಜು, ಹುಳು, ಪಾಚಿ ಒಣಗಿ ಕೂತಿರುತ್ತವೆ. ನೀರು ಸೋಕಿದ್ದೇ ತಡ, ಅವು ಕೊಳೆತು ಅಮೋನಿಯಾ ಬಿಡುತ್ತವೆ.

ಅದಕ್ಕಿಂತ ಹಟಮಾರಿ ಫಾಸ್ಫೇಟ್. ಹಳೇ ತೊಟ್ಟಿಯಲ್ಲಿ ಮೀನಿಗೆ ಹಾಕಿದ ಆಹಾರದಿಂದ ಬಂದ ಫಾಸ್ಫೇಟನ್ನು ಕಲ್ಲಿನ ಮೈ ಹಿಡಿದಿಟ್ಟುಕೊಂಡಿರುತ್ತದೆ. ನೀರಿನಲ್ಲಿ ಅದು ಹೆಚ್ಚಿದ್ದಾಗ ಕಲ್ಲು ಹೀರುತ್ತದೆ, ಕಡಿಮೆಯಾದಾಗ ವಾಪಸ್ ಬಿಡುತ್ತದೆ. ಹಾಗಾಗಿ ಇವತ್ತು ಪೂರ್ತಿ ನೀರು ಬದಲಿಸಿ ಸೊನ್ನೆ ಕಂಡರೂ ನಾಲ್ಕು ದಿನಕ್ಕೆ ಅಂಕಿ ಮತ್ತೆ ಏರುತ್ತದೆ. ಒಣಗಿಸಿದರೆ ಜೀವಿಗಳು ಸಾಯುತ್ತವೆ, ಫಾಸ್ಫೇಟ್ ಎಲ್ಲಿಗೂ ಹೋಗುವುದಿಲ್ಲ.

ಮೊದಲು ತೊಳೆಯುವ ಕೆಲಸ. ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಒಣಗಿದ ಸ್ಪಂಜಿನ ಹಕ್ಕಳೆಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಿರಿ. ಕೈಯಿಂದ ಒಂದೊಂದು ಚೂರು ತೆಗೆದಷ್ಟೂ ಮುಂದೆ ಕೊಳೆಯುವ ಕಸ ಕಡಿಮೆಯಾಗುತ್ತದೆ. ಆಮೇಲೆ ಬ್ಲೀಚ್: ಸುವಾಸನೆ, ಸೋಪು ಬೆರೆಸದ ಸುಮಾರು 5% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 1 ಲೀಟರಿಗೆ ನಲ್ಲಿ ನೀರು 10 ಲೀಟರ್. ಎರಡು ಮೂರು ದಿನ ಮುಳುಗಿಸಿಟ್ಟರೆ ತೂತಿನೊಳಗಿನ ಸಾವಯವ ಕಸ ಕರಗುತ್ತದೆ. ನಂತರ ಚೆನ್ನಾಗಿ ತೊಳೆದು, ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಿನಲ್ಲಿ ಒಂದು ದಿನ ನೆನೆಸಿ, ವಾರ ಬಿಸಿಲಿಗೆ ಹಾಕಿ. ಕ್ಲೋರಿನ್ ಟೆಸ್ಟ್ ಸೊನ್ನೆ ತೋರಿಸಬೇಕು. ಮೂಗನ್ನು ನಂಬಬೇಡಿ.

ಫಾಸ್ಫೇಟ್ ತುಂಬಾ ಇದ್ದರೆ ಮಾತ್ರ ಆಮ್ಲ. 30% ಆಸುಪಾಸಿನ ಹೈಡ್ರೋಕ್ಲೋರಿಕ್ ಆಮ್ಲ ಒಂದು ಪಾಲು, ನೀರು ಹತ್ತು ಪಾಲು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಬಯಲಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಕನ್ನಡಕ ಮತ್ತು ರಬ್ಬರ್ ಗ್ಲೌಸ್ ಹಾಕಿಕೊಂಡೇ ಮಾಡಿ. ಬುಸುಗುಟ್ಟುವ ನೊರೆ ಇಳಿಯುವ ಹೊತ್ತಿಗೆ ಕಲ್ಲಿನ ಹೊರಪದರ ಕರಗಿ, ಅದು ಹಿಡಿದಿದ್ದ ಫಾಸ್ಫೇಟೂ ಬಿಟ್ಟಿರುತ್ತದೆ. ಉಳಿದ ಆಮ್ಲಕ್ಕೆ ನೊರೆ ನಿಲ್ಲುವವರೆಗೂ ಅಡುಗೆ ಸೋಡಾ ಹಾಕಿ ಚೆಲ್ಲಿ. ಬ್ಲೀಚಿನ ಪಸೆ ಉಳಿದ ಕಲ್ಲು ಆಮ್ಲಕ್ಕೆ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಪ್ರಾಣಾಪಾಯ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಕಲ್ಲನ್ನು ಎಂದಿಗೂ ಕುದಿಸಬೇಡಿ. ಇಂಥ ಕಲ್ಲಿನ ಮೇಲೆ ಬೆಳೆಯುವ, ಹವಳದ ಸಂಬಂಧಿಗಳಾದ ಝೋವಾಂಥಿಡ್ ಎಂಬ ಜೀವಿಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅದು ಹಬೆಯ ಜೊತೆ ಉಸಿರಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಈಗ ನಿಜವಾದ ಕ್ಯೂರಿಂಗ್. ಇಲ್ಲಿಂದ ಮುಂದೆ ನಲ್ಲಿ ನೀರೂ ಬೋರ್‌ವೆಲ್ ನೀರೂ ಬೇಡ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಸೊನ್ನೆಗೆ ಇಳಿಸಿದ ಆರ್‌ಒಡಿಐ ನೀರು (ಆರ್‌ಒ ಫಿಲ್ಟರಿನ ಮೇಲೆ ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ಹಾಯಿಸಿದ್ದು) ಬೇಕು. ಲೀಟರಿಗೆ ಸುಮಾರು 36 ಗ್ರಾಂ ಮರೈನ್ ಸಾಲ್ಟ್ (ಸಮುದ್ರದ ತೊಟ್ಟಿಗೆಂದೇ ಮಾಡಿದ ಉಪ್ಪು) ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರುವಂತೆ ನೋಡಿಕೊಳ್ಳಿ. ಡ್ರಮ್ಮಿಗೆ ಹೀಟರ್ ಹಾಕಿ 26 ಡಿಗ್ರಿಯಲ್ಲಿಡಿ, ನೀರು ಕಲ್ಲುಗಳ ಸಂದಿಯಲ್ಲೆಲ್ಲ ಹರಿಯುವಂತೆ ಪಂಪ್ ತಿರುಗಿಸಿ, ಮುಚ್ಚಳ ಮುಚ್ಚಿ. ಬೆಳಕು ಬಿದ್ದರೆ ಪಾಚಿ ಅಲ್ಲೇ ಶುರುವಾಗುತ್ತದೆ. ಮೊದಲ ದಿನಗಳಲ್ಲಿ ನೀರು ಕಂದಾಗುವುದು, ತಳದಲ್ಲಿ ಬೂದು ಕೆಸರು ಕೂರುವುದು ಸಹಜ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲ್ಲೋ ನೀರು ಓಡುತ್ತಿಲ್ಲವೆಂದು ಅರ್ಥ, ಕಲ್ಲು ತಿರುಗಿಸಿಡಿ. ವಾರಕ್ಕೊಮ್ಮೆ ಕಲ್ಲನ್ನು ಅದೇ ನೀರಿನಲ್ಲಿ ಅಲ್ಲಾಡಿಸಿ, ಕೆಸರನ್ನು ಪೈಪಿನಿಂದ ಎಳೆದು, ನೀರು ಬದಲಿಸಿ.

ಫಾಸ್ಫೇಟ್ ಇಳಿಯದಿದ್ದರೆ, ಅದನ್ನು ಹಿಡಿದು ಪುಡಿಯಾಗಿಸುವ ಲ್ಯಾಂಥನಮ್ ಕ್ಲೋರೈಡ್ ಬಳಸಬಹುದು. ಮೀನಿಲ್ಲದ ಈ ಡ್ರಮ್ಮೇ ಅದಕ್ಕೆ ತಕ್ಕ ಜಾಗ. ಆದರೆ ಹುಟ್ಟುವ ಬಿಳಿ ಪುಡಿಯನ್ನು ಸೋಸಿ ತೆಗೆಯಬೇಕು.

ಮುಗಿಯಿತೆಂದು ಹೇಳುವುದು ಕ್ಯಾಲೆಂಡರ್ ಅಲ್ಲ, ಟೆಸ್ಟ್ ಕಿಟ್. ಪೂರ್ತಿ ನೀರು ಬದಲಿಸಿ ಒಂದು ವಾರ ಬಿಟ್ಟು ಅಳೆಯಿರಿ. ಅಮೋನಿಯಾ ಸೊನ್ನೆ, ಫಾಸ್ಫೇಟ್ 0.1 ಪಿಪಿಎಂ (ಲೀಟರಿಗೆ 0.1 ಮಿಲಿಗ್ರಾಂ) ಒಳಗೆ ನಿಂತಿದ್ದರೆ ಕಲ್ಲು ಹದಕ್ಕೆ ಬಂದಿದೆ. ಸೈಕ್ಲಿಂಗ್ ಅನ್ನುವುದು ಬೇರೆ ವಿಷಯ: ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಸುವುದು. ಎರಡೂ ಒಂದೇ ಡ್ರಮ್ಮಿನಲ್ಲಿ ಒಟ್ಟಿಗೆ ಸಾಗಬಹುದು. 2 ಪಿಪಿಎಂ ಅಮೋನಿಯಾ ಹಾಕಿದಾಗ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಅದೂ ಮುಗಿದಂತೆ.

ನಮ್ಮಲ್ಲಿ ಕಲ್ಲು ಕಡಿಮೆ ಬಿತ್ತೆಂದು ಕಡಲತೀರದಿಂದ ಹವಳದ ತುಂಡು ಎತ್ತಿಕೊಂಡು ಬರುವಂತಿಲ್ಲ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಹವಳಕ್ಕೂ ಇದೇ ರಕ್ಷಣೆ. ಸಿಮೆಂಟು, ಚಿಪ್ಪಿನ ಚೂರು ಬೆರೆಸಿ ಎರಕ ಹೊಯ್ದ ಕಲ್ಲು ಒಳ್ಳೆಯ ದಾರಿ. ಅದಕ್ಕೆ ಮಾತ್ರ ಕ್ಯೂರಿಂಗಿನ ಎರಡೂ ಅರ್ಥ ಒಪ್ಪುತ್ತವೆ: ಮೊದಲು ಸಿಮೆಂಟು ಬಲಿಯಲು ನೀರು, ಆಮೇಲೆ ಅದರ ಸುಣ್ಣದ ಅಂಶ ಬಿಟ್ಟು ಪಿಎಚ್ 8.5ರ ಕೆಳಗೆ ನಿಲ್ಲುವವರೆಗೂ ನೀರು ಬದಲಿಸುತ್ತಾ ನೆನೆಸುವುದು.

ಹದಕ್ಕೆ ಬಂದ ಕಲ್ಲನ್ನು ಹಸಿಯಾಗಿರುವಾಗಲೇ ತೊಟ್ಟಿಗೆ ಇಳಿಸಿ. ಒಣಗಲು ಬಿಟ್ಟರೆ ಬ್ಯಾಕ್ಟೀರಿಯಾ ಸತ್ತು ಸೈಕ್ಲಿಂಗ್ ಮತ್ತೆ ಮೊದಲಿಂದ ಶುರು.