ಜೀವಕೋಶದ ಮನೆಮಾತು

ಮುಂಬಯಿಯ ಮಾಟುಂಗಾದಲ್ಲಿರುವ ನನ್ನ ಚಿಕ್ಕಮ್ಮ ಕಳೆದ ಮಳೆಗಾಲದಲ್ಲಿ ಜ್ವರದಿಂದ ಮೂರು ವಾರ ಹಾಸಿಗೆ ಹಿಡಿದರು. ಜ್ವರವೇನೋ ಬಿಟ್ಟಿತು, ಆದರೆ ಕುರ್ಚಿಯ ತೋಳು ಹಿಡಿಯದೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ‘ಮೈಯಲ್ಲಿ ನಂಜು ಉಳಿದಿದೆ, ಬದನೆಕಾಯಿ ಬಿಡಿ, ಓಡಾಡಬೇಡಿ.’ ಒಬ್ಬರು ತಾಮ್ರದ ಬಳೆ ತಂದು ತೊಡಿಸಿಯೂ ಹೋದರು. ಬಳೆಯಿಂದ ಯಾರಿಗೂ ಹಾನಿಯಿಲ್ಲ. ನನಗೆ ಸಿಟ್ಟು ಬರುವುದು ‘ಓಡಾಡಬೇಡಿ’ ಎಂಬ ಮಾತಿಗೆ.

ನಂಜು ಎಂಬ ಪದವನ್ನು ನಾನು ತಳ್ಳಿಹಾಕುವುದಿಲ್ಲ. ಗಾಯವಿಲ್ಲದೆ, ಸೋಂಕಿಲ್ಲದೆ, ವಯಸ್ಸಾದ ಅನೇಕರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಗುರುತುಗಳು ಸಣ್ಣಗೆ ಏರಿರುತ್ತವೆ. ಬೂದಿ ಮುಚ್ಚಿದ ಕೆಂಡದಂಥ ಈ ಉರಿಗೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಅದು ಹೆಚ್ಚಿರುವವರ ನಡಿಗೆ ನಿಧಾನವಾಗಿರುವುದು, ಕೈಹಿಡಿತ ಸಡಿಲವಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಕೆಂಡಕ್ಕೆ ಸೌದೆ ಹಲವು ಕಡೆಯಿಂದ ಬರುತ್ತದೆ: ಹೊಟ್ಟೆಯ ಕೊಬ್ಬು, ಒಸಡಿನ ಸೋಂಕು. ಇನ್ನೊಂದು, ಸೋರುವ ಮೈಟೊಕಾಂಡ್ರಿಯ.

ಅದು ಜೀವಕೋಶದ ವಿದ್ಯುದಾಗಾರವೆಂದು ಶಾಲೆಯಲ್ಲೇ ಓದಿದ್ದೇವೆ. ನನಗೆ ರೋಮಾಂಚನವಾಗುವುದು ಅದರ ವಂಶಾವಳಿಯಿಂದ. ಕೋಶದೊಳಗಿನ ಈ ಕಣಗಳು ಬ್ಯಾಕ್ಟೀರಿಯದಂಥ ಸ್ವತಂತ್ರ ಜೀವಿಗಳೆಂದು ಜರ್ಮನಿಯ ವಿಜ್ಞಾನಿ ರಿಚರ್ಡ್ ಆಲ್ಟ್‌ಮನ್ 1890ರಲ್ಲೇ ಹೇಳಿದಾಗ ಯಾರೂ ಒಪ್ಪಲಿಲ್ಲ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್, ಹಲವು ಪತ್ರಿಕೆಗಳು ಹಿಂತಿರುಗಿಸಿದ ತಮ್ಮ ಪ್ರಬಂಧವನ್ನು ಕೊನೆಗೂ ಅಚ್ಚಿಗೆ ತಂದರು: ಇವು ನೂರಾರು ಕೋಟಿ ವರ್ಷಗಳ ಹಿಂದೆ ಇನ್ನೊಂದು ಕೋಶದೊಳಗೆ ಬಿಡಾರ ಹೂಡಿದ ಬ್ಯಾಕ್ಟೀರಿಯಗಳ ಸಂತತಿ. ಹಳೆಯ ಆಸ್ತಿಯಲ್ಲಿ ಉಳಿದಿರುವುದು ಉಂಗುರದಂಥ ಡಿಎನ್‌ಎ, ಅದರಲ್ಲಿ 37 ಜೀನ್‌ಗಳು. ಬರುವುದು ತಾಯಿಯ ಕಡೆಯಿಂದ ಮಾತ್ರ. ಚಿಕ್ಕಮ್ಮನದೂ ನನ್ನದೂ ಒಬ್ಬಳೇ ಅಜ್ಜಿಯ ಕೊಡುಗೆ.

ಮುಂಬಯಿ ಕನ್ನಡಿಗರಿಗೆ ಮುಂದಿನದು ಹೇಳದೆಯೇ ತಿಳಿಯುತ್ತದೆ. ಮುತ್ತಜ್ಜ ಉಡುಪಿಯ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದವನು. ಮರಿಮಕ್ಕಳಿಗೆ ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಬಾಗಿಲು ಹಾಕಿದ ಮೇಲೆ ಮಾತ್ರ ಮನೆಮಾತು. ಮೈಟೊಕಾಂಡ್ರಿಯವೂ ತಾನೇ ಕಟ್ಟುವ 13 ಪ್ರೋಟೀನುಗಳನ್ನು ಇಂದಿಗೂ ಬ್ಯಾಕ್ಟೀರಿಯಗಳ ಹಾಗೆ, ಅವುಗಳದೇ ಗುರುತಾದ ಅಮೈನೊ ಆಮ್ಲ ಫಾರ್ಮೈಲ್ ಮಿಥಿಯೊನಿನ್‌ನಿಂದಲೇ ಆರಂಭಿಸುತ್ತದೆ. ಗೋಡೆಯೊಳಗಿದ್ದಷ್ಟು ಕಾಲ ಈ ಮನೆಮಾತು ಯಾರಿಗೂ ಕೇಳಿಸದು. ಗೋಡೆ ಒಡೆದು ಆ ಪ್ರೋಟೀನಿನ ತುಣುಕೋ ಡಿಎನ್‌ಎ ಚೂರೋ ಹೊರಬಿದ್ದರೆ, ಬ್ಯಾಕ್ಟೀರಿಯವನ್ನು ಗುರುತಿಸಲೆಂದೇ ರೋಗನಿರೋಧಕ ಕೋಶಗಳಲ್ಲಿ ನಿಂತಿರುವ ಟಿಎಲ್‌ಆರ್-9ರಂಥ ಕಾವಲುಗಾರರು ಕಳ್ಳ ಬಂದನೆಂದು ಕೂಗೆಬ್ಬಿಸುತ್ತಾರೆ. ಉಪ್ಪಿನಕಾಯಿ ಭರಣಿಯೊಳಗಿದ್ದರೆ ಊಟಕ್ಕೆ ರುಚಿ, ಭರಣಿ ಬಿರಿದು ರಸ ನೆಲಕ್ಕಿಳಿದರೆ ಇರುವೆಗಳ ಸಾಲು. ತೀವ್ರ ಪೆಟ್ಟು ತಿಂದವರ ರಕ್ತದಲ್ಲಿ ಇಂಥ ಚೂರುಗಳು ತುಂಬಿ, ಸೋಂಕಿಲ್ಲದೆಯೂ ಸೋಂಕಿನಂಥ ಉರಿ ಹೊತ್ತಿಸುತ್ತವೆಂದು 2010ರಲ್ಲಿ ತೋರಿಸಲಾಯಿತು. ಮುಪ್ಪಿನಲ್ಲಿ ನಡೆಯುವುದು ಇದರದೇ ಸಣ್ಣ, ನಿಧಾನದ ರೂಪವಿರಬೇಕು.

ಹಾಳಾದ ಮೈಟೊಕಾಂಡ್ರಿಯವನ್ನು ಸೋರುವ ಮೊದಲೇ ನುಂಗಿ ಜೀರ್ಣಿಸುವ ಏರ್ಪಾಡು ಕೋಶದಲ್ಲೇ ಇದೆ. ಅಂಥ ಸ್ವಭಕ್ಷಣೆಯ ಗುಟ್ಟನ್ನು ಯೀಸ್ಟ್‌ನಲ್ಲಿ ಬಿಡಿಸಿದ ಜಪಾನಿನ ಯೊಶಿನೊರಿ ಒಸುಮಿಗೆ 2016ರಲ್ಲಿ ನೊಬೆಲ್ ಬಂತು. ವಯಸ್ಸಿನೊಂದಿಗೆ ಈ ಕೆಲಸ ಮಂದವಾಗುತ್ತದೆ. ಕುಳಿತಲ್ಲೇ ಕುಳಿತರೆ ಇನ್ನಷ್ಟು. ಚುರುಕುಗೊಳಿಸುವುದು ಸ್ನಾಯುವಿನ ದುಡಿಮೆ. ಮಾರ್ಗುಲಿಸ್ ಪ್ರಬಂಧ ಬಂದ ವರ್ಷವೇ ಅಮೆರಿಕದ ಸಂಶೋಧಕ ಜಾನ್ ಹಾಲೋಜಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯದ ಸಾಮರ್ಥ್ಯ ಇಮ್ಮಡಿಯಾದದ್ದನ್ನು ಕಂಡರು. 1990ರಲ್ಲಿ ಅಮೆರಿಕದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನ ದುರ್ಬಲರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ, ಅವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ತೊಂಬತ್ತರಲ್ಲಿ! ಇದನ್ನು ತಿಳಿದೂ ಹಿರಿಯರನ್ನು ಮಂಚಕ್ಕೆ ಅಂಟಿಸುವುದು ಹೇಗೆ?

ವೈದ್ಯರ ಒಪ್ಪಿಗೆ ಪಡೆದು, ತೋಳಿಲ್ಲದ ಮರದ ಕುರ್ಚಿಯೊಂದನ್ನು ಚಿಕ್ಕಮ್ಮನ ಅಡುಗೆಮನೆಯ ಗೋಡೆಗೆ ಒತ್ತಿ ಇಟ್ಟೆವು. ಐದು ಸಲ ಕುಳಿತು ಏಳಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಶಕ್ತಿ ಕುಂದಿದೆ ಎಂಬುದು ಏಷ್ಯಾದ ತಜ್ಞರ ಅಳತೆ. ಮೊದಲ ದಿನ ಎರಡನೆಯ ಸಲಕ್ಕೇ ತೊಡೆ ನಡುಗಿತು. ದೀಪಾವಳಿಯ ಹೊತ್ತಿಗೆ 19 ಸೆಕೆಂಡು, ಕಳೆದ ಭಾನುವಾರ 14. ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಕುದಿಯುತ್ತಿರುತ್ತದೆ. ಏಳುವಾಗ ಅವರು ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಳ್ಳುತ್ತಾರೆ. ಪ್ರತಿಸಲವೂ ತಾಮ್ರದ ಬಳೆ ಗಾಜಿನ ಬಳೆಗೆ ತಾಗಿ ಕಿಣಿ ಎನ್ನುತ್ತದೆ, ನಾನು ಅದನ್ನೇ ಕೇಳಿ ಎಣಿಸುತ್ತೇನೆ.