ಸ್ಟೀರಿಂಗ್ ಬಾಕ್ಸಿನ ಸ್ಕ್ರೂಗೆ ಕೈ ಹಾಕುವ ಮುನ್ನ

ರಸ್ತೆ ನೇರ ಇದೆ. ಹಳೇ ಕಾರು ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಸ್ಟೀರಿಂಗನ್ನು 5 ಸೆಂ.ಮೀ. ಆಡಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಮೆಕ್ಯಾನಿಕ್‌ಗಳು ‘ಪ್ಲೇ’ ಅನ್ನುವುದು ಇದಕ್ಕೇ.

5 ಸೆಂ.ಮೀ. ಅಂದರೆ ಯಾವುದೋ ಒಂದು ಭಾಗ ಪೂರಾ ಸವೆದಿರಬೇಕು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 38 ಸೆಂ.ಮೀ. ಅಗಲದ ಸ್ಟೀರಿಂಗಿನಲ್ಲಿ ಅದು ಸುಮಾರು 15 ಡಿಗ್ರಿ. ಸ್ಟೀರಿಂಗ್ 16 ಡಿಗ್ರಿ ತಿರುಗಿದಾಗ ಚಕ್ರ 1 ಡಿಗ್ರಿ ತಿರುಗುವ ಕಾರಾದರೆ, ಚಕ್ರದ ಹತ್ತಿರ ಉಳಿಯುವುದು 1 ಡಿಗ್ರಿಗೂ ತುಸು ಕಡಿಮೆ. ಚಕ್ರವನ್ನು ತಳ್ಳುವ ತೋಳು 15 ಸೆಂ.ಮೀ. ಉದ್ದ ಇದ್ದರೆ, ಅದರ ತುದಿಯಲ್ಲಿ ಬರೀ ಎರಡೂವರೆ ಮಿಲಿಮೀಟರ್! ನಾಲ್ಕೈದು ಜಾಯಿಂಟ್‌ಗಳು ತಲಾ ಅರ್ಧ ಮಿಲಿಮೀಟರ್ ಸವೆದರೆ ಸಾಕು.

ಟೈರಿನ ಗಾಳಿ ಮೊದಲು ನೋಡಿಬಿಡಿ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಚಕ್ರಗಳು ನೆಲದ ಮೇಲೇ ಇರಲಿ, ಟೈರು ಬಿಗಿಯಾಗಿ ಹಿಡಿದರೆ ಸಡಿಲ ಚೆನ್ನಾಗಿ ಬಯಲಾಗುತ್ತದೆ. ಒಬ್ಬರು ಸ್ಟೀರಿಂಗನ್ನು ಸಣ್ಣಗೆ ಆಡಿಸುತ್ತಿರಲಿ. ನೀವು ಟೈ ರಾಡ್ ಎಂಡ್ (ಚಕ್ರದ ತೋಳಿಗೆ ಸೇರುವ ರಾಡಿನ ತುದಿಯ ಜಾಯಿಂಟ್), ಐಡ್ಲರ್ ಆರ್ಮ್ (ರಾಡುಗಳಿಗೆ ಇನ್ನೊಂದು ಬದಿಯಲ್ಲಿ ಆಧಾರ ಕೊಡುವ ತೋಳು) ಅಂತ ಒಂದೊಂದೇ ಕಡೆ ಬೆರಳಿಟ್ಟು ನೋಡಿ. ಸವೆದ ಜಾಗದಲ್ಲಿ ರಾಡು ಮೊದಲು ಅಲುಗಿ, ಅದರ ಪಕ್ಕದ ಭಾಗ ಕ್ಷಣ ತಡವಾಗಿ ಅಲುಗುತ್ತದೆ. ಬೆರಳಿಗೆ ಸಣ್ಣ ‘ಟಕ್’. ಕಳ್ಳ ಅಲ್ಲೇ ಇದ್ದಾನೆ.

ಜಾಸ್ತಿ ಜನ ಇಷ್ಟು ತಾಳ್ಮೆ ತೋರುವುದಿಲ್ಲ. ಸ್ಟೀರಿಂಗಿನ ತಿರುವನ್ನು ರಾಡುಗಳಿಗೆ ದಾಟಿಸುವ ಗೇರಿನ ಪೆಟ್ಟಿಗೆ, ಅಂದರೆ ಸ್ಟೀರಿಂಗ್ ಬಾಕ್ಸ್ ಮೇಲೊಂದು ಸ್ಕ್ರೂ ಇರುತ್ತದಲ್ಲ, ಅದನ್ನೇ ಬಿಗಿ ಮಾಡಿಬಿಡುತ್ತಾರೆ. ಕಾರು ಹೆಚ್ಚು ಹೊತ್ತು ಓಡುವುದು ನೇರವಾಗಿ. ಹಾಗಾಗಿ ಒಳಗಿನ ಗೇರಿನ ಹಲ್ಲು ನಡುಭಾಗದಲ್ಲೇ ಹೆಚ್ಚು ಸವೆದಿರುತ್ತದೆ. ನಡುವಿನ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ, ಸವೆಯದ ಅಂಚುಗಳಲ್ಲಿ ಗೇರು ಕಚ್ಚಿಕೊಳ್ಳುತ್ತದೆ. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ನನ್ನ ಪ್ರಕಾರ ಆ ಸ್ಕ್ರೂ ಕೊನೆಯ ಸರದಿಯದು. ಅದೂ ಸ್ಟೀರಿಂಗ್ ನಡುವೆ ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಪ್ಲೇ ಹೋದಮೇಲೂ ಕಾರು ಅಲೆದಾಡಿದರೆ ಕ್ಯಾಸ್ಟರ್ ನೋಡಿಸಿ. ಟ್ರಾಲಿಯ ಪುಟ್ಟ ಚಕ್ರ ತಳ್ಳಿದ ದಿಕ್ಕಿಗೆ ತಾನೇ ತಿರುಗಿ ಹಿಂದೆ ಬರುತ್ತದೆ. ಕಾರಿನಲ್ಲೂ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಚ್ಚಿನ ಮೇಲ್ತುದಿ ಹಿಂದಕ್ಕೆ ವಾಲಿರುವುದು ಇಂಥದ್ದೇ ಎಳೆತಕ್ಕಾಗಿ; ಈ ವಾಲೇ ಕ್ಯಾಸ್ಟರ್. ಮುಂದಿನ ಸ್ಪ್ರಿಂಗ್ ಕುಸಿದರೆ ಆ ವಾಲು ಕಡಿಮೆಯಾಗುತ್ತದೆ. ಟೈ ರಾಡ್ ಎಂಡ್ ಬದಲಿಸಿದ್ದರಂತೂ ಅಲೈನ್‌ಮೆಂಟ್ ಹೇಗೂ ಮಾಡಿಸಲೇಬೇಕು, ಕ್ಯಾಸ್ಟರನ್ನೂ ಆಗಲೇ ಅಳೆಸಿಬಿಡಿ.