ಆಂಗಲ್ ಫ್ರ್ಯಾಕ್ಚರ್‌ಗೆ ಪ್ಲೇಟ್ ಮೇಲಂಚಿಗೇ ಯಾಕೆ?

ಲೆ ಫೋರ್ಟ್ 1, 2, 3 (ಮುಖದ ನಡುಭಾಗದ ಮೂಳೆ ಮುರಿತದ ಬಗೆಗಳು) ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ನನ್ನ ತಲೆ ತಿಂದಿದ್ದು ಕೆಳದವಡೆಯ ಆಂಗಲ್, ಅಂದರೆ ಕಿವಿಯ ಕೆಳಗೆ ದವಡೆ ತಿರುಗುವ ಮೂಲೆ, ಅಲ್ಲಿನ ಮುರಿತ. ಅಷ್ಟು ಜೋರಾಗಿ ಅಗಿಯುವ ಜಾಗಕ್ಕೆ ಮೂಳೆ ಜೋಡಿಸುವ ಒಂದೇ ಒಂದು ತೆಳು ಲೋಹದ ಪಟ್ಟಿ (ಮಿನಿಪ್ಲೇಟ್), ಅದೂ ಮೇಲಂಚಿಗೆ. ಸಾಕಾಗುತ್ತಾ?

ಮೊದಲೆಲ್ಲ ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದ ಸೇರಿಸಿ ಬಿಗಿದು 4ರಿಂದ 6 ವಾರ ಬಿಡುತ್ತಿದ್ದರು. 1973ರಲ್ಲಿ ಫ್ರಾನ್ಸಿನ ಸರ್ಜನ್ ಮಿಷೆಲೆ ಮಿನಿಪ್ಲೇಟ್ ಬಳಸಿ ತೋರಿಸಿದರು. 1978ರಲ್ಲಿ ಸ್ಟ್ರಾಸ್‌ಬರ್ಗ್‌ನ ಸರ್ಜನ್ ಶಾಂಪಿ ಅದನ್ನು ಎಲ್ಲೆಲ್ಲಿ ಕೂರಿಸಬೇಕು ಅಂತ ಗೆರೆ ಎಳೆದುಕೊಟ್ಟರು.

ಈಗ ಮುಖ್ಯ ವಿಷಯ. ಮುಂದಿನ ಹಲ್ಲಿನಲ್ಲಿ ಕಚ್ಚಿದಾಗ ಮುಂದಿನ ತುಂಡು ಕೆಳಕ್ಕೆ ಹೋಗುತ್ತದೆ. ಹಿಂದಿನ ತುಂಡನ್ನು ಅಗಿಯುವ ಸ್ನಾಯುಗಳಾದ ಮಸೆಟರ್, ಟೆಂಪೊರಾಲಿಸ್ ಮೇಲಕ್ಕೆ ಎಳೆಯುತ್ತವೆ. ಆಗ ಬಿರುಕು ಮೇಲ್ಗಡೆ ಬಾಯಿ ಬಿಡುತ್ತದೆ, ಕೆಳಗಡೆ ಮೂಳೆಗೆ ಮೂಳೆ ಒತ್ತಿಕೊಳ್ಳುತ್ತದೆ. ಹಸಿ ಕಡ್ಡಿ ಬಗ್ಗಿಸಿದರೆ ಹೊರಬದಿ ಬಿರಿದು ಒಳಬದಿ ಒತ್ತಿಕೊಳ್ಳುವುದಿಲ್ವಾ, ಹಾಗೆ. ಬಾಯಿ ಬಿಡುವ ಕಡೆ ಹಿಡಿದುಕೊಂಡರೆ ಸಾಕು, ಉಳಿದ ಭಾರ ಮೂಳೆಯೇ ಹೊರುತ್ತದೆ. ಲೋಡ್ ಶೇರಿಂಗ್ ಅಂದರೆ ಇದೇ. ಕೆಳಗೆ ಮಾತ್ರ ತೆಳು ಪ್ಲೇಟ್ ಹಾಕಿದರೆ ಮೇಲಿನ ಬಿರುಕನ್ನು ತಡೆಯುವವರು ಯಾರು?

ಇಲ್ಲೊಂದು ತಿರುವು ಇದೆ. ಅದೇ ಬದಿಯ ದವಡೆ ಹಲ್ಲಿನಲ್ಲಿ, ಬಿರುಕಿನ ಹತ್ತಿರವೇ ಕಚ್ಚಿದರೆ ಲೆಕ್ಕ ಉಲ್ಟಾ: ಕೆಳಗಡೆ ತೆರೆದುಕೊಳ್ಳುತ್ತದೆ. ಹಾಗಾದರೆ ಎರಡು ಪ್ಲೇಟ್ ಒಳ್ಳೆಯದಲ್ವಾ? ಕಾಗದದ ಮೇಲೆ ಹೌದು. ಆದರೆ ಡಲ್ಲಾಸ್‌ನ ಸರ್ಜನ್ ಎಲ್ಲಿಸ್ ಅವರ ರೋಗಿಗಳ ಸರಣಿ ಅಧ್ಯಯನಗಳಲ್ಲಿ ಆಂಗಲ್‌ಗೆ ಎರಡು ಹಾಕಿಸಿಕೊಂಡವರಿಗಿಂತ ಒಂದು ಹಾಕಿಸಿಕೊಂಡವರಿಗೇ ತೊಂದರೆ ಕಡಿಮೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಹೇಳಿದರೆ ಮೇಷ್ಟ್ರು ಖುಷಿಯಾಗುತ್ತಾರೆ.

ಗಲ್ಲದ ನಡುಭಾಗವಾದ ಸಿಂಫಿಸಿಸ್‌ನಲ್ಲಿ ಮಾತ್ರ ಎರಡು ಪ್ಲೇಟ್, ನಡುವೆ 4-5 ಮಿ.ಮೀ. ಅಂತರ. ಅಲ್ಲಿ ಮೂಳೆ ತಿರುಚಿಕೊಳ್ಳುತ್ತದೆ, ಒಂದು ಪ್ಲೇಟ್ ತಡೆಯುವುದಿಲ್ಲ. ಮಿನಿಪ್ಲೇಟಿನ ಸ್ಕ್ರೂ ಮೂಳೆಯ ಗಟ್ಟಿ ಪದರವಾದ ಹೊರಗಿನ ಕಾರ್ಟೆಕ್ಸ್‌ಗೆ ಮಾತ್ರ, ಹಲ್ಲಿನ ಬೇರು ಮತ್ತು ದವಡೆಯೊಳಗೆ ಹಾಯುವ ನರ ಉಳಿಯಲಿ ಅಂತ.

ಮೂಳೆ ಪುಡಿಯಾಗಿದ್ದರೆ ಮೇಲಿನ ಪಾಠವೆಲ್ಲ ರದ್ದು. ಒತ್ತಿಕೊಳ್ಳಲು ಮೂಳೆಯೇ ಇಲ್ಲ, ಹಂಚಿಕೊಳ್ಳುವುದು ಯಾರ ಜೊತೆ? ಆಗ 2.4 ಮಿ.ಮೀ. ಸ್ಕ್ರೂಗಳ ದಪ್ಪ ರೀಕನ್‌ಸ್ಟ್ರಕ್ಷನ್ ಪ್ಲೇಟ್ ಕೆಳಂಚಿಗೆ, ಪ್ರತಿ ಬದಿಗೆ ಕನಿಷ್ಠ 3 ಸ್ಕ್ರೂ. ಇವು ಎರಡೂ ಕಾರ್ಟೆಕ್ಸ್ ದಾಟುತ್ತವೆ, ಹಾಗಾಗಿ ನರಕ್ಕಿಂತ ಕೆಳಗೇ ಇರಬೇಕು. ಆ ಪ್ಲೇಟ್ ಬಗ್ಗಿಸುವುದೇ ದೊಡ್ಡ ಪೇಚಾಟ. ಈಗ ಸಿಟಿ ಸ್ಕ್ಯಾನ್‌ನಿಂದ ದವಡೆಯ 3ಡಿ ಮಾದರಿ ಪ್ರಿಂಟ್ ಮಾಡಿ, ಪ್ಲೇಟನ್ನು ಮೊದಲೇ ಬಗ್ಗಿಸಿಟ್ಟು ಆಪರೇಷನ್ ಥಿಯೇಟರಿಗೆ ತರುತ್ತಾರೆ.